ಓದುಗರ ಪ್ರಶ್ನೆ: ಮೊಮ್ಮಕ್ಕಳ ಜೊತೆ ಗುಡ್ಡ ದಾಟಿ ಕಡಲಿಗೆ

ರಜೆಗೆ ಊರಿಗೆ ಬರುವ ಮೊಮ್ಮಕ್ಕಳನ್ನು ಉತ್ತರ ಕನ್ನಡದ ಕಡಲ ದಂಡೆಗೆ ಒಂದು ದಿನದ ನಡಿಗೆಗೆ ಕರೆದೊಯ್ಯುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳನ್ನು ಚುಟುಕಾಗಿಸಿದ್ದೇವೆ.

ನನಗೆ 67, ಮನೆಯವರಿಗೆ 62. ಮೊಮ್ಮಕ್ಕಳಿಗೆ 5, 9 ಮತ್ತು 12 ವರ್ಷ. ಮಗ, ಸೊಸೆಯೂ ಬರುತ್ತಾರೆ. ಗೋಕರ್ಣದ ಐದೂ ಬೀಚುಗಳನ್ನು ಒಂದೇ ದಿನದಲ್ಲಿ ನಡೆದು ಮುಗಿಸಬಹುದಂತೆ. ನಮ್ಮಿಂದ ಆದೀತೇ? – ಶಿರಸಿ

ಆದೀತು, ಆದರೆ ಬೇಡ. ಊರ ಬೀಚು, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿವೆ. ಎರಡು ಬೀಚುಗಳ ನಡುವೆ ಒಂದೊಂದು ಗುಡ್ಡದ ಮೂಗು ಕಡಲಿಗೆ ಚಾಚಿದೆ. ಅಂದರೆ ಪ್ರತಿ ಬೀಚಿಗೂ ಒಮ್ಮೆ ಹತ್ತಬೇಕು, ಒಮ್ಮೆ ಇಳಿಯಬೇಕು. ಚುರುಕು ಕಾಲಿನ ಹುಡುಗರು ಒಂದೊಂದು ಗುಡ್ಡವನ್ನು 20-30 ನಿಮಿಷದಲ್ಲಿ ದಾಟುತ್ತಾರೆ. ಐದು ವರ್ಷದ ಮಗುವೂ 67ರ ಮಂಡಿಯೂ ಜೊತೆಗಿದ್ದರೆ ಅದನ್ನು ದುಪ್ಪಟ್ಟು ಹಿಡಿಯಿರಿ. ಪ್ಯಾರಡೈಸ್ ತಲುಪುವ ಹೊತ್ತಿಗೆ ನಡುಮಧ್ಯಾಹ್ನ. ವಾಪಸಿಗೆ ಅಷ್ಟೇ ದಾರಿ, ಕಾದ ಚಿರೇಕಲ್ಲಿನ ಮೇಲೆ. ಕೆಡುವುದು ಯಾವಾಗಲೂ ಈ ವಾಪಸಿನಲ್ಲೇ.

ನಿಮ್ಮ ತಂಡಕ್ಕೆ ಸರಿಯಾದದ್ದು ಕುಡ್ಲೆಯಿಂದ ಓಂವರೆಗಿನ ಒಂದೇ ಗುಡ್ಡ, ಅದೂ ಒಂದೇ ದಿಕ್ಕಿನಲ್ಲಿ. ಕಾರನ್ನು ಮೊದಲೇ ಓಂ ಬೀಚಿನ ಮೇಲ್ಗಡೆಯ ಪಾರ್ಕಿಂಗಿನಲ್ಲಿ ಬಿಡಿ. ಅಲ್ಲಿಂದ ಆಟೋ ಹಿಡಿದು ಕುಡ್ಲೆಯ ಮೇಲಕ್ಕೆ ಬಂದು ಮೆಟ್ಟಿಲಿಳಿಯಿರಿ. ಹೀಗೆ ಮಾಡಿದರೆ ನಡಿಗೆ ಮುಗಿಯುವಲ್ಲಿ ನಿಮ್ಮದೇ ಗಾಡಿ ಕಾಯುತ್ತಿರುತ್ತದೆ, ದಣಿದ ಮಕ್ಕಳನ್ನು ಅದೇ ಗುಡ್ಡಕ್ಕೆ ಇನ್ನೊಮ್ಮೆ ಹತ್ತಿಸುವ ಪ್ರಸಂಗವಿಲ್ಲ. ಹೆಚ್ಚಿನವರು ಇದನ್ನೇ ತಿರುಗುಮುರುಗು ಮಾಡಿ, ಕುಡ್ಲೆಯ ಬಳಿ ಕಾರು ಬಿಟ್ಟು, ಮಧ್ಯಾಹ್ನ ಓಂ ಬೀಚಿನಲ್ಲಿ ಆಟೋಗೆ ಚೌಕಾಶಿ ಮಾಡುತ್ತ ನಿಲ್ಲುತ್ತಾರೆ.

ಡಿಸೆಂಬರ್-ಫೆಬ್ರವರಿಯಲ್ಲಿ ಇಲ್ಲಿ ಸೂರ್ಯ ಏಳುವುದು ಏಳು ಗಂಟೆಯ ಆಸುಪಾಸು. ಏಳೂವರೆಗೆ ಕುಡ್ಲೆಯ ಮರಳಿನಲ್ಲಿದ್ದರೆ ಒಂದು ಗಂಟೆ ಮಕ್ಕಳ ಆಟಕ್ಕೆ ಬಿಟ್ಟು ಎಂಟೂವರೆಗೆ ಬೀಚಿನ ದಕ್ಷಿಣ ತುದಿಯಿಂದ ಗುಡ್ಡ ಹತ್ತಿ. ಮೇಲೆ ಬಯಲು, ನೆರಳು ಕಮ್ಮಿ. ಹತ್ತು ಗಂಟೆಯೊಳಗೆ ಅದನ್ನು ದಾಟಿ ಓಂ ಬೀಚಿಗೆ ಇಳಿದಿರಬೇಕು. ಅಲ್ಲಿ ತಿಂಡಿ, ನೆರಳು, ಕುಡಿಯುವ ನೀರು ಸಿಗುತ್ತದೆ. ಹನ್ನೊಂದೂವರೆಗೆ ಮೆಟ್ಟಿಲು ಹತ್ತಿ ಕಾರಿಗೆ. ಆ ಮೆಟ್ಟಿಲುಗಳನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ, ದಿನದ ಕೊನೆಯ ಏರು ಅದೇ.

12 ವರ್ಷದವನಿಗೆ ಇಷ್ಟು ಸಾಲದು ಅನ್ನಿಸಿದರೆ ಅಪ್ಪನ ಜೊತೆ ಹಾಫ್ ಮೂನ್‌ಗೆ ಹೋಗಿ ಬರಲಿ, ಅಜ್ಜ-ಅಜ್ಜಿ ಚಿಕ್ಕವರೊಂದಿಗೆ ಓಂನಲ್ಲೇ ಉಳಿಯಲಿ. ಆ ಕಾಲುದಾರಿ ಕಡಲಿನ ಅಂಚಿಗೇ ಸಾಗುತ್ತದೆ. ಹೋಗುವಾಗ ಇಳಿಜಾರು ಬಲಕ್ಕೆ, ಬರುವಾಗ ಎಡಕ್ಕೆ. ಮಗು ಯಾವಾಗಲೂ ಗುಡ್ಡದ ಬದಿ, ದೊಡ್ಡವರು ಕಡಲ ಬದಿ. ಜಾರುವುದು ದೊಡ್ಡ ಬಂಡೆಯ ಮೇಲಲ್ಲ, ಗೋಲಿಯ ಹಾಗೆ ಉರುಳುವ ಸಣ್ಣ ಚಿರೇಕಲ್ಲಿನ ಚೂರುಗಳ ಮೇಲೆ. ಹಾಫ್ ಮೂನ್‌ನಿಂದ ಪ್ಯಾರಡೈಸಿನ ತುಂಡು ಇನ್ನೂ ಇಕ್ಕಟ್ಟು, ಕೈ ಊರಿ ದಾಟುವ ಬಂಡೆಗಳಿವೆ. ಎಂಟು ವರ್ಷದೊಳಗಿನವರನ್ನು ಅಲ್ಲಿಗೆ ನಡೆಸಬೇಡಿ.

ಪ್ಯಾರಡೈಸ್ ನೋಡಲೇಬೇಕೆಂದರೆ ಮಳೆಗಾಲ ಕಳೆದ ಮೇಲೆ ಓಂನಿಂದ ದೋಣಿಗಳು ಸಿಗುತ್ತವೆ. ಬೆಳಿಗ್ಗೆಯೇ ಹೋಗಿ ಬನ್ನಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏರಿ ನೀರು ಕುಲುಕುತ್ತದೆ. ದೋಣಿ ಜಟ್ಟಿಗೆ ತಾಗುವುದಿಲ್ಲ, ಮೊಣಕಾಲು ನೀರಿಗೆ ಹಾರಿ ಇಳಿಯಬೇಕು. ಸೀರೆಯ ನೆರಿಗೆ ನೆನೆದು ಕಾಲಿಗೆ ಸುತ್ತಿಕೊಂಡರೆ ಆ ಇಳಿಯುವಿಕೆ ಅಪಾಯವೇ. ಅಜ್ಜಿಗೆ ಅವತ್ತೊಂದು ದಿನ ಚೂಡಿದಾರ ಇರಲಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲದ ದೋಣಿಗೆ ಹತ್ತಬೇಡಿ. ದೊಡ್ಡವರ ಜಾಕೆಟ್ಟು ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ಟು ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ ಮುಚ್ಚುವಷ್ಟು ಮೇಲೆ ಬಂದರೆ ಅದು ಸಡಿಲ.

ಭರತ-ಇಳಿತಕ್ಕೆ ಪಂಚಾಂಗ ನೋಡಿದರೆ ಸಾಕೇ? – ಸಿದ್ದಾಪುರ

ಅರ್ಧ ಕೆಲಸವಾಗುತ್ತದೆ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ತಿಥಿ ಹೇಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ಮರುದಿನ, ಮೂರನೇ ದಿನ ಭರತ ದೊಡ್ಡದು, ಇಳಿತವೂ ಆಳ. ಅಷ್ಟಮಿಯ ಆಸುಪಾಸು ಎರಡೂ ಸಣ್ಣವು. ಗಂಟೆಯ ಲೆಕ್ಕಕ್ಕೆ ಮಾತ್ರ ಕಾರವಾರ ಬಂದರಿನ ಭರತ-ಇಳಿತದ ಕೋಷ್ಟಕವನ್ನೇ ನೋಡಬೇಕು. ಮೊಬೈಲಿನಲ್ಲಿ ಸಿಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋದ ಶನಿವಾರ ಬಂದವರ ಮಾತು ನಂಬಿ ಈ ಶನಿವಾರ ಹೊರಟರೆ ಎಲ್ಲ ತಲೆಕೆಳಗಾಗಿರುತ್ತದೆ. ಏಳು ದಿನಕ್ಕೆ ಆರು ಗಂಟೆಯಷ್ಟು ಸರಿದು, ಅವರು ಇಳಿತ ಕಂಡ ಹೊತ್ತಿಗೆ ನಿಮಗೆ ಭರತ ಸಿಗುತ್ತದೆ.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಸಂಗತಿ: ನೀರು ಒಂದೇ ಸಮನೆ ಏರುವುದಿಲ್ಲ. ಇಳಿತದಿಂದ ಭರತಕ್ಕೆ ಆರು ಗಂಟೆ ಅಂದುಕೊಂಡರೆ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮಾತ್ರ ಬರುತ್ತದೆ. ಎರಡನೇ ಗಂಟೆಯಲ್ಲಿ ಅದರ ಎರಡರಷ್ಟು, ಮೂರು-ನಾಲ್ಕನೇ ಗಂಟೆಗಳಲ್ಲಿ ಮೂರು ಮೂರರಷ್ಟು. ನಡುವಿನ ಆ ಎರಡೇ ಗಂಟೆಗಳಲ್ಲಿ ಅರ್ಧ ಏರಿಕೆ ಮುಗಿದಿರುತ್ತದೆ. ಬಂಡೆಯ ಬುಡದಲ್ಲಿ ಒಣಗಿದ ಮರಳು ನೋಡಿ ಆಚೆ ದಾಟಿದವರು ಮೊದಲ ಗಂಟೆ ಏನೂ ಆಗಲಿಲ್ಲವೆಂದು ನಿರಾಳರಾಗುತ್ತಾರೆ. ಆಮೇಲೆ ನೋಡುವಷ್ಟರಲ್ಲಿ ದಾರಿ ನೀರಿನಲ್ಲಿ. ಬಂಡೆ ಸುತ್ತಿ ಹೋಗುವ ಜಾಗವಿದ್ದರೆ ಇಳಿತಕ್ಕೆ ಎರಡು ಗಂಟೆ ಮುಂಚೆ ಹೋಗಿ, ಇಳಿತ ಮುಗಿದು ಒಂದು ಗಂಟೆಯೊಳಗೆ ಹಿಂದೆ ಬನ್ನಿ.

ಕಾರವಾರದ ಹತ್ತಿರ ತಿಳ್ಮಾತಿ ಅನ್ನುವ ಕಪ್ಪು ಮರಳಿನ ಬೀಚಿದೆಯಂತೆ. ಮಕ್ಕಳಿಗೆ ತೋರಿಸಬಹುದೇ? – ಹುಬ್ಬಳ್ಳಿ

ಖಂಡಿತ. ಎಳ್ಳಿನಂಥ ಕಪ್ಪು ಹರಳಿನ ಮರಳು, ಎರಡು ಬಂಡೆಗುಡ್ಡಗಳ ನಡುವೆ ಪುಟ್ಟ ದಂಡೆ, ಅಲ್ಲಿಂದ ಸ್ವಲ್ಪ ಮುಂದಕ್ಕೆ ಗೋವಾ ಗಡಿ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿಗೆ ಬಂದು, ಮಾಜಾಳಿ ಬೀಚಿನ ಉತ್ತರ ತುದಿಯಿಂದ ಗುಡ್ಡದ ಕಾಲುದಾರಿ ಹಿಡಿಯಬೇಕು. ಅರ್ಧ ಗಂಟೆಯ ನಡಿಗೆ, ಮಕ್ಕಳ ಜೊತೆಗೆ ಮುಕ್ಕಾಲು ಗಂಟೆ. ದಾರಿ ಕವಲೊಡೆಯುವುದರಿಂದ ಮಾಜಾಳಿಯಲ್ಲಿ ಬಲೆ ಸರಿಪಡಿಸುತ್ತ ಕೂತವರನ್ನು ಕೇಳಿ ಹೊರಡಿ. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಮೇಲೆ ಹೊಸ ಸೇತುವೆಯ ಮೇಲೆ ಗೋವಾ ವಾಹನಗಳ ಒತ್ತಡ ಹೆಚ್ಚಿದೆ. ವಾರದ ಕೊನೆಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಮೂರು ಎಚ್ಚರಿಕೆ. ಅಲ್ಲಿ ಅಂಗಡಿ, ಕುಡಿಯುವ ನೀರು, ನೆರಳು, ಜೀವರಕ್ಷಕರು ಯಾವುದೂ ಇರುತ್ತದೆ ಅಂದುಕೊಳ್ಳಬೇಡಿ. ಕಪ್ಪು ಮರಳು ಬಿಸಿಲನ್ನು ಬಿಳಿ ಮರಳಿಗಿಂತ ಹೆಚ್ಚು ಹೀರುತ್ತದೆ, ಹತ್ತು ಗಂಟೆಯ ನಂತರ ಬರಿಗಾಲಿನ ಮಗು ಅಳುವುದು ಅದಕ್ಕೇ. ಮೂರನೆಯದು ಬಂಡೆಗಳ ಹಾವಸೆ. ಒಣಗಿದ್ದಾಗ ಕಂದು ಕಲೆಯಂತೆ ಕಂಡರೂ ಅಲೆಯ ಒಂದು ಎರಚಿಗೆ ಜಾರುಬಂಡೆಯಾಗುತ್ತದೆ. ಇಲ್ಲಿ ನೀರಿಗಿಳಿಯುವುದು ಬೇಡವೇ ಬೇಡ. ಮರಳು ಮುಟ್ಟಿ, ನೋಡಿ, ಬುತ್ತಿ ಉಂಡು ಮಾಜಾಳಿಗೆ ಮರಳಿ.

ಮಕ್ಕಳು ನೀರಿಗಿಳಿಯದೆ ಬಿಡುವುದಿಲ್ಲ. ಎಷ್ಟರ ಮಟ್ಟಿಗೆ ಬಿಡಬಹುದು? ಟ್ಯೂಬು ಕೊಟ್ಟರೆ ಸಾಕೇ? – ಯಲ್ಲಾಪುರ

ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅಲೆ ಚಿಕ್ಕದಾಗಿ ನೀರು ಸೌಮ್ಯವಾಗಿ ಕಾಣುವುದು ಆಗಲೇ, ಟ್ಯೂಬಿನ ಮೇಲೆ ಕೂತ ಮಗು ಸದ್ದಿಲ್ಲದೆ ಒಳಕ್ಕೆ ತೇಲುವುದೂ ಆಗಲೇ.

ಐದು ವರ್ಷದವರಿಗೆ ಪಾದ ಮುಳುಗುವಷ್ಟು, ಹತ್ತು-ಹನ್ನೆರಡರವರಿಗೆ ಅವರ ಮೊಣಕಾಲಿನಷ್ಟು ನೀರು ಸಾಕು. ಈಜು ಬಲ್ಲ, ಓಡಬಲ್ಲ ವಯಸ್ಸಿನವರು ಕಡಲಿನ ಕಡೆ ನಿಂತು, ಮಗುವಿಗೆ ಕೈ ಎಟುಕುವಷ್ಟು ಹತ್ತಿರ ಇರಬೇಕು. ಈ ಕೆಲಸವನ್ನು ಅಜ್ಜ-ಅಜ್ಜಿಗೆ ಒಪ್ಪಿಸಿ ಮಗ-ಸೊಸೆ ಫೋಟೊಗೆ ಹೋಗುವುದು ತೀರಾ ಸಾಮಾನ್ಯ, ತೀರಾ ತಪ್ಪು. ಕಾಲ ಬುಡದ ಮರಳು ಕೊರೆದುಹೋಗುವಾಗ ತೋಲ ತಪ್ಪುವುದು ವಯಸ್ಸಾದವರಿಗೇ ಮೊದಲು. ಇಬ್ಬರು ಮಕ್ಕಳಿಗಿಂತ ಹೆಚ್ಚಿದ್ದರೆ ಸರದಿ ಮಾಡಿ.

ನೀರಿಗೆ ಇಳಿಯುವ ಮುಂಚೆ ಎತ್ತರದಲ್ಲಿ ನಿಂತು ಹತ್ತು ನಿಮಿಷ ಅಲೆಗಳನ್ನು ನೋಡಿ. ಎರಡೂ ಬದಿಗೆ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಸ್ವಲ್ಪ ಗಾಢ ಬಣ್ಣದಲ್ಲಿ, ಶಾಂತವಾಗಿ ಕಂಡರೆ ಅದೇ ಸೆಳೆತ. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವ ಕಾಲುವೆ ಅದು. ಇಲ್ಲಿ ಅಲೆ ಕಮ್ಮಿ ಎಂದು ಜನ ಮಕ್ಕಳನ್ನು ಇಳಿಸುವುದು ಸರಿಯಾಗಿ ಅದೇ ಜಾಗದಲ್ಲಿ. ಸಿಕ್ಕಿಬಿದ್ದವರು ದಡದತ್ತ ನೇರ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ನೊರೆ ಒಡೆಯುವಲ್ಲಿಗೆ ಬಂದರೆ ಅಲೆಯೇ ದಡಕ್ಕೆ ತಳ್ಳುತ್ತದೆ. ಈಜಲಾಗದಿದ್ದರೆ ಅಂಗಾತ ತೇಲಿ ಕೈ ಬೀಸುವುದೇ ದಾರಿ. ಕಾಪಾಡಲು ಹಾರಿದವರೂ ಜೊತೆಗೆ ಮುಳುಗುವುದು ಹೊಸತಲ್ಲ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಬರುವಾಗ ನೀರು ತಂದ ಕ್ಯಾನೇ ಸಾಕು, ಹಗ್ಗವೊಂದು ಹದಿನೈದು ಮೀಟರ್ ಚೀಲದಲ್ಲಿರಲಿ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಅಳಿವೆಗಳ ಹತ್ತಿರ ಮೊಣಕಾಲು ನೀರೂ ಬೇಡ. ಇಳಿತದ ಹೊತ್ತಿಗೆ ಹೊಳೆಯಲ್ಲಿ ತುಂಬಿದ ನೀರೆಲ್ಲ ಒಂದೇ ಬಾಯಲ್ಲಿ ಹೊರಬೀಳುತ್ತದೆ, ಮರಳಿನ ಅಂಚು ಕಾಲಡಿಯಲ್ಲೇ ಕುಸಿಯುತ್ತದೆ. ಆಕಾಶ ತಿಳಿಯಾಗಿದ್ದರೂ, ಗಾಳಿ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದ ಬಿರುಗಾಳಿಯ ಅಲೆ ಇಲ್ಲಿಗೆ ಬಂದು ಬಡಿಯುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ಸಂಜೆ ನೋಡಿ, ಎಚ್ಚರಿಕೆ ಇದ್ದರೆ ಬಂಡೆಗಳ ಮೇಲೆ ಫೋಟೊ ಆಟ ಕೈಬಿಡಿ. ಕೆಂಪು ಬಾವುಟ ಕಂಡಲ್ಲಿ ಚರ್ಚೆ ಬೇಡ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡದ್ದು ಮಳೆಗಾಲದಲ್ಲಿ ಅಲ್ಲ, ಜನ ಸುರಕ್ಷಿತ ಅಂದುಕೊಳ್ಳುವ ಚಳಿಗಾಲದಲ್ಲಿ.

ಮುಳುಗಿದವರನ್ನು ಎಳೆದು ತಂದಾಗ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿಯುವುದು ಮಾಡಬೇಡಿ. ನೀರು ಬರದೆ ವಾಂತಿ ಬಂದು ಶ್ವಾಸನಾಳಕ್ಕೆ ಸೇರುತ್ತದೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಟ್ಟು, ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಉಸಿರು, ಹೀಗೆ ಮುಂದುವರಿಸಿ. ಇನ್ನೊಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಹಾಫ್ ಮೂನ್, ಪ್ಯಾರಡೈಸ್ ಕಡೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ನೀರಾಟ ಅಲ್ಲಿ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಬುತ್ತಿ ಏನು, ನೀರು ಎಷ್ಟು? – ಕುಮಟಾ

ನಡೆಯುವ ಪ್ರತಿ ಗಂಟೆಗೆ ದೊಡ್ಡವರಿಗೆ ಅರ್ಧ ಲೀಟರ್, ಮಕ್ಕಳಿಗೆ ಕಾಲು ಲೀಟರ್. ಬೀಚಿನ ಹೊತ್ತು ಸೇರಿ ನಾಲ್ಕು ಗಂಟೆಗೆ, ನಾಲ್ವರು ದೊಡ್ಡವರು ಮೂವರು ಮಕ್ಕಳ ತಂಡಕ್ಕೆ 11 ಲೀಟರ್. ಒಬ್ಬರ ಬೆನ್ನಿಗೆ ಹೇರದೆ ಹಂಚಿಕೊಳ್ಳಿ. 12 ವರ್ಷದವನು ತನ್ನ ಒಂದು ಲೀಟರ್ ತಾನೇ ಹೊರಲಿ. ಬಾಯಾರಿಕೆ ಆಗುವ ತನಕ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು-ಮೂರು ಗುಟುಕು. ಬೆವರಿನ ಉಪ್ಪು ತುಂಬಲು ಮುರುಗಲು ಪಾನಕ, ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿದ್ದು, ಬಹಳ ಒಳ್ಳೆಯದು. ಸ್ಟೀಲು ಬಾಟಲಿಯಲ್ಲಿ ಒಯ್ಯಿರಿ, ತಾಮ್ರದ್ದರಲ್ಲಿ ಬೇಡ, ಹುಳಿ ತಾಮ್ರವನ್ನು ಕರಗಿಸುತ್ತದೆ. ಒಬ್ಬರು ಸುಸ್ತಾಗಿ ತಲೆ ಸುತ್ತುವ ಮಟ್ಟ ತಲುಪಿದರೆ ಒಂದು ಲೀಟರ್ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಸಮ ಟೀಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಾಗಬಾರದು.

ಕಾಯಿ ಚಟ್ನಿ ಬಿಸಿಲಿನ ಕಾರಿನಲ್ಲಿ ಮಧ್ಯಾಹ್ನಕ್ಕೆ ಹಳಸುತ್ತದೆ. ಅದರ ಬದಲು ಚಟ್ನಿಪುಡಿ. ಮೊಸರನ್ನಕ್ಕೆ ಮೊಸರು ಕಲಸಬೇಡಿ, ಅನ್ನ ಆರಿದ ಮೇಲೆ ಹಾಲು ಹಾಕಿ ಒಂದು ಚಮಚ ಮೊಸರು ಸೇರಿಸಿ, ಊಟದ ಹೊತ್ತಿಗೆ ತಾನೇ ಹದಕ್ಕೆ ಬರುತ್ತದೆ. ಬನ್ಸ್, ಚಪಾತಿಗೆ ಬೆಲ್ಲ-ತುಪ್ಪ, ಬಾಳೆಹಣ್ಣು ಯಾವ ತಕರಾರಿಲ್ಲದವು. ಬಾಳೆಹಣ್ಣು ಮಾತ್ರ ಚೀಲದ ತಳದಲ್ಲಿ ಬೇಡ.

ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಂಡಿ ನೋಯುತ್ತದೆ. ಬಿ.ಪಿ. ಮಾತ್ರೆಯೂ ಇದೆ. – ಧಾರವಾಡ

ಇಳಿಯುವಾಗ ಮೈಭಾರವನ್ನು ತಡೆಯುವ ಕೆಲಸವೆಲ್ಲ ತೊಡೆಯ ಮುಂಭಾಗದ ಸ್ನಾಯುವಿನದ್ದು. ಅದು ದಣಿದ ಮೇಲೆ ಒತ್ತಡ ಮಂಡಿಗೆ ಬೀಳುತ್ತದೆ. ಹೊರಡುವುದಕ್ಕೆ ಮೂರು ವಾರ ಮುಂಚೆ ದಿನ ಬಿಟ್ಟು ದಿನ ಮನೆಯ ಮೆಟ್ಟಿಲು ಇಳಿಯುವುದನ್ನು ಅಭ್ಯಾಸ ಮಾಡಿ. ದಾರಿಯಲ್ಲಿ ಹೆಜ್ಜೆ ಚಿಕ್ಕದಿರಲಿ, ಕಡಿದಾದಲ್ಲಿ ಓರೆಯಾಗಿ ಇಳಿಯಿರಿ. ಸೊಂಟಕ್ಕಿಂತ ಒಂದು ಗೇಣು ಎತ್ತರದ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಲ್ಲಿ ಊರಿ, ಆಮೇಲೆ ನೋವಿರುವ ಕಾಲು, ಕೊನೆಗೆ ಗಟ್ಟಿ ಕಾಲು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಬೂಟು ಬೇಕು.

ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವಿದ್ದರೆ ಸೆಕೆಯಲ್ಲಿ ಮೈಯ ನೀರು ಬೇಗ ಇಳಿದು ತಲೆ ಸುತ್ತಬಹುದು. ಮಾತ್ರೆಯನ್ನು ನೀವಾಗಿ ಬಿಡಬೇಡಿ, ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ, ಚೀಲದಲ್ಲಲ್ಲ, ನಾಲ್ಕು ತುಂಡು ಬೆಲ್ಲ ಇರಲಿ.

ಲೋಳೆಮೀನು ತಾಗಿದರೆ? – ಹಳಿಯಾಳ

ಸಮುದ್ರದ ನೀರಿನಲ್ಲೇ ತೊಳೆಯಿರಿ. ಸಿಹಿನೀರು ಸುರಿದರೆ, ಮರಳಿನಿಂದ ಉಜ್ಜಿದರೆ ಅಂಟಿಕೊಂಡಿರುವ ವಿಷದ ಕೋಶಗಳು ಇನ್ನಷ್ಟು ಸಿಡಿಯುತ್ತವೆ. ಎಳೆಗಳನ್ನು ಚಿಮಟದಿಂದ ತೆಗೆದು, ಮೈ ಸುಡದಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ. ಬಿಸಿಯನ್ನು ಮೊದಲು ದೊಡ್ಡವರು ತಮ್ಮ ಕೈಯಲ್ಲಿ ಪರೀಕ್ಷಿಸಲಿ. ದಡದಲ್ಲಿ ಸತ್ತು ಬಿದ್ದದ್ದೂ ಕಚ್ಚುತ್ತದೆ, ಮಕ್ಕಳಿಗೆ ಮೊದಲೇ ಹೇಳಿ. ಉಸಿರಾಟ ಬಿಗಿದರೆ, ಮುಖ ಊದಿದರೆ ತಡ ಮಾಡದೆ ಆಸ್ಪತ್ರೆ.

ಅತ್ತೆಗೆ ನಡೆಯಲು ಆಗುವುದೇ ಇಲ್ಲ. ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ. – ಮುಂಡಗೋಡ

ಹೊನ್ನಾವರದ ಕಾಸರಕೋಡ ಇಕೋ ಬೀಚಿಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚದು, ನೆಲ ಸಮತಟ್ಟು, ಶೌಚಾಲಯವೂ ಇದೆ. ಕಾರವಾರದಲ್ಲಾದರೆ ಟ್ಯಾಗೋರ್ ಬೀಚು ಊರಿಗೇ ಅಂಟಿಕೊಂಡಿದೆ. ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯ ಪಕ್ಕದಲ್ಲೇ ಇರುವುದರಿಂದ ಮಕ್ಕಳಿಗೂ ಬೇಸರವಿಲ್ಲ.

ನೀರಿಗೆ ಬಿಡದಿದ್ದರೆ ಮಕ್ಕಳು ದಿನವಿಡೀ ಏನು ಮಾಡಬೇಕು? – ಬೆಂಗಳೂರು

ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳನ್ನು ನೋಡಲಿ. ಶಂಖದ ಚಿಪ್ಪು ಹೊತ್ತು ನಡೆಯುವ ಸನ್ಯಾಸಿ ಏಡಿ, ಕಲ್ಲಿಗಂಟಿದ ಕಲ್ವ, ಪುಟ್ಟ ಮೀನುಗಳು ಸಿಗುತ್ತವೆ. ಗುಂಡಿಯ ಮುಂದೆ ನೆರಳು ಬೀಳದಂತೆ ಐದು ನಿಮಿಷ ಅಲ್ಲಾಡದೆ ಕೂರಬೇಕು, ಆಗಲೇ ಒಂದೊಂದಾಗಿ ಹೊರಬರುತ್ತವೆ. ಕಲ್ವದ ಅಂಚು ಬ್ಲೇಡಿನಷ್ಟು ಹರಿತ, ಬರಿಗಾಲು ಬೇಡ. ಒದ್ದೆ ಮರಳಿನ ಮೇಲೆ ಸಾಲುಸಾಲಾಗಿ ಬಿದ್ದ ಸಣ್ಣ ಮರಳುಂಡೆಗಳು ಪುಟಾಣಿ ಏಡಿಗಳ ಕೆಲಸ. ಮರಳಿಗೆ ಅಂಟಿದ ಆಹಾರ ಸೋಸಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತವೆ. ಬಿಲದ ಬಾಯಿ ಎಲ್ಲಿದೆ ಎಂದು ಉಂಡೆಗಳ ಸಾಲು ಹಿಡಿದು ಹುಡುಕಿಸಿ.

ಮರಳಿನ ಗುಂಡಿ ತೋಡುವುದಾದರೆ ಮಗುವಿನ ಮೊಣಕಾಲಿಗಿಂತ ಆಳ ಬೇಡ, ಬದಿ ಕುಸಿದರೆ ಒಬ್ಬರಿಂದ ಎಳೆಯಲಾಗದು. ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆ ಬಲೆ ಕಟ್ಟಿ ಬೇಲಿ ಹಾಕಿದ ಜಾಗ ಕಂಡರೆ ದೂರದಿಂದ ನೋಡಿ, ಮರಳು ಕೆದಕಬೇಡಿ. ಚಿಪ್ಪು ಒಯ್ಯುವ ಮುನ್ನ ಒಳಗೆ ಯಾರೂ ಇಲ್ಲವೆಂದು ನೀರಿನಲ್ಲಿಟ್ಟು ಸ್ವಲ್ಪ ಹೊತ್ತು ಕಾದು ನೋಡಲಿ.

ದೇವಿಮನೆ ಘಟ್ಟದಲ್ಲಿ ಮೊಮ್ಮಗಳಿಗೆ ವಾಂತಿ. ಬೀಚಿಗೆ ಬರುವಷ್ಟರಲ್ಲೇ ಹೈರಾಣು. – ಶಿರಸಿ

ಬರಿಹೊಟ್ಟೆಯೂ ಬೇಡ, ಹಾಲು ಕುಡಿಸಿಯೂ ಹೊರಡಬೇಡಿ. ಒಣ ಅವಲಕ್ಕಿಯೋ ಒಂದು ಇಡ್ಲಿಯೋ ಸಾಕು. ಹಿಂದಿನ ಸೀಟಿನ ನಡುವೆ ಕೂರಿಸಿ ಎದುರಿನ ಗಾಜಿನಾಚೆ ರಸ್ತೆ ನೋಡುವಂತೆ ಮಾಡಿ, ಕಿಟಕಿ ಸ್ವಲ್ಪ ತೆರೆದಿರಲಿ. ಮೊಬೈಲ್ ಕೈಗೆ ಕೊಟ್ಟರೆ ಕಣ್ಣು ನಿಂತದ್ದನ್ನು ಕಾಣುತ್ತದೆ, ಕಿವಿಯೊಳಗಿನ ತೋಲದ ಅಂಗ ತಿರುವನ್ನು ಅನುಭವಿಸುತ್ತದೆ, ಆ ಜಗಳವೇ ವಾಂತಿ. ಘಟ್ಟ ಇಳಿದ ಮೇಲೆ ಕತಗಾಲದಲ್ಲಿ ಹತ್ತು ನಿಮಿಷ ಕಾರು ನಿಲ್ಲಿಸಿ. ಶಿರಸಿ-ಕುಮಟಾ ಹೆದ್ದಾರಿ ಅಗಲೀಕರಣದ ಕಾಮಗಾರಿಗಾಗಿ ಘಟ್ಟವನ್ನು ಮುಚ್ಚಿದ ಅವಧಿಗಳಿವೆ, ಆದ್ದರಿಂದ ಹಿಂದಿನ ದಿನವೇ ವಿಚಾರಿಸಿ. ಮುಚ್ಚಿದ್ದರೆ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪದ ಮೇಲೆ ಹೊನ್ನಾವರಕ್ಕೆ ಇಳಿಯಬೇಕಾಗುತ್ತದೆ. ಆ ದಾರಿಯಲ್ಲೂ ತಿರುವುಗಳಿಗೆ ಬರವಿಲ್ಲ, ಗೋಕರ್ಣದ ಬದಲು ಆ ದಿನ ಕಾಸರಕೋಡಕ್ಕೇ ಹೋಗಿ.